ಗೋಡೆ ಬಾಡಿಗೆಗಿದೆ

"ಹೊಸ ಕಲಾವಿದರಿಗೆ ವೇದಿಕೆ ಕೊಡ್ತೀವಿ" ಅಂತ ಯಾವುದಾದರೂ ಹೊಸ ಗ್ಯಾಲರಿ ಬಾಗಿಲು ತೆರೆದರೆ, ಚಪ್ಪಾಳೆ ತಟ್ಟೋ ಮೊದಲು ಒಂದು ಪ್ರಶ್ನೆ ಕೇಳಿ: ದುಡ್ಡು ಯಾರು ಕೊಡ್ತಿದಾರೆ?

ಚಿತ್ರ ಮಾರಾಟವಾದ ಮೇಲೆ ಕಮಿಷನ್ ತಗೊಳ್ಳಲಿ, ತಪ್ಪಿಲ್ಲ. ಆಗ ಕೊಳ್ಳುವವರನ್ನು ಕರೆತರೋ ಹೊಣೆ ಗ್ಯಾಲರಿಯದು. ಆದರೆ ಗೋಡೆಗೆ ಮುಂಗಡವಾಗಿ ಬಾಡಿಗೆ ಎಣಿಸಿಕೊಂಡವರಿಗೆ ಚಿತ್ರ ಮಾರುವ ದರ್ದೇನಿದೆ? ಅವರ ಗಿರಾಕಿ ಕಲಾವಿದರೇ! ಫ್ರೇಮು, ಸಾಗಾಟ, ಉದ್ಘಾಟನೆಯ ಚಹಾ-ಬಿಸ್ಕತ್ತು ಎಲ್ಲವೂ ಕಲಾವಿದರ ಜೇಬಿಂದ. ವಾಪಸ್ ಸಿಗೋದು "ಎಕ್ಸ್‌ಪೋಷರ್". ಅದನ್ನು ಯಾವ ಮನೆ ಓನರ್ರೂ ಬಾಡಿಗೆಗೆ ಜಮಾ ಮಾಡ್ಕೊಳ್ಳಲ್ಲ.

ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸಲು ಸರ್ಕಾರ ಹೊರಟಾಗ, 2016ರಲ್ಲಿ ಕಲಾವಿದರು ಸುಮ್ಮನೆ ಪ್ರತಿಭಟಿಸಲಿಲ್ಲ. ಕಡಿಮೆ ಬಾಡಿಗೆಯ ಸರ್ಕಾರಿ ಗೋಡೆಯೂ ಕೈತಪ್ಪಿದರೆ ಹೊಸಬರ ಮೊದಲ ಪ್ರದರ್ಶನ ಎಲ್ಲಿ?

ನಾವೇನು ಕಮ್ಮಿಯಾ? ಜನವರಿಯ ಚಿತ್ರಸಂತೆಯಲ್ಲಿ ಚಿತ್ರದ ಮುಂದೆ ಸೆಲ್ಫಿ, ಮನೆಯ ಸೋಫಾ ಮೇಲಿನ ಗೋಡೆಗೆ ಆನ್‌ಲೈನ್ ಪ್ರಿಂಟ್. ವೇದಿಕೆಗಿಂತ ಮೊದಲು ಹೊಸ ಕಲಾವಿದರಿಗೆ ಬೇಕಿರೋದು ಗಿರಾಕಿ, ಸ್ವಾಮಿ. ಮುಂದಿನ ಸಲ ಚಿತ್ರದ ಮುಂದೆ ಫೋನ್ ತೆಗೆದಾಗ ಕ್ಯಾಮೆರಾ ಬಿಟ್ಟು ಯುಪಿಐ ಒತ್ತಿ.