ಅಟ್ಟದಿಂದ ಇಳಿದ ಗಿಟಾರ್

ಸೋದರಿಯರೇ, ಪಿಯುಸಿ ಓದು ಕೆಟ್ಟೀತೆಂದು ಮಗನ ಗಿಟಾರನ್ನು ಅಟ್ಟಕ್ಕೆ ಹಾಕಿಸಿದವಳು ನಾನೇ. ಅವನೀಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ಈ ಮಳೆಗಾಲ ಮೂಡಿಗೆರೆಯಲ್ಲಿ ಕರೆಂಟಿಲ್ಲದ ಒಂದು ಸಂಜೆ ಅದನ್ನು ಇಳಿಸಿದೆ. ತಂತಿಗೆಲ್ಲ ತುಕ್ಕು! ನಮ್ಮ ಥಂಡಿ ಹವೆಗೆ ಉಕ್ಕಿನ ತಂತಿ ಎಷ್ಟು ದಿನ ತಾಳೀತು? ಹೊಸದು ಹಾಕಿಸಿದೆ. ಈಗ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡುತ್ತೇನೆ.

ಮೊದಲು ‘ಇ ಮೈನರ್’ ಹಿಡಿಯಿರಿ, ಎರಡೇ ಬೆರಳು ಸಾಕು. ಕೆಳಗಿನ ತೆಳು ತಂತಿಯಿಂದ ಎಣಿಸಿ, ಎರಡನೇ ಮನೆಯಲ್ಲಿ 5ನೆಯದನ್ನು ನಡುಬೆರಳಿನಿಂದ, 4ನೆಯದನ್ನು ಉಂಗುರಬೆರಳಿನಿಂದ ಒತ್ತಿ. ಬೆರಳು ಲೋಹದ ಪಟ್ಟಿಗೆ ಹತ್ತಿರವಿರಲಿ, ಇಲ್ಲದಿದ್ದರೆ ತಂತಿ ಗೊರ್ ಅನ್ನುತ್ತೆ. ತೋರುಬೆರಳನ್ನು 3ನೇ ತಂತಿಯ ಮೊದಲ ಮನೆಗೆ ಸೇರಿಸಿದರೆ ‘ಇ ಮೇಜರ್’. ಅದೇ ಹಿಡಿತವನ್ನು ಒಂದು ತಂತಿ ಕೆಳಕ್ಕೆ ಸರಿಸಿ, ‘ಎ ಮೈನರ್’ ಆಯ್ತು! ಆಗ ದಪ್ಪ ತಂತಿಯನ್ನು ಮಾತ್ರ ಮೀಟಬೇಡಿ.

ಅಕ್ಕಿರೊಟ್ಟಿ ತಟ್ಟಿದ ಗಟ್ಟಿ ಬೆರಳು ಅಂತ ಬೀಗಿದ್ದೆ. ತಟ್ಟಿದ್ದು ಬಲಗೈ, ಒತ್ತೋದು ಎಡಗೈ! ಹುಣಸೆಹಣ್ಣು ಕಿವುಚುವಾಗ ಉರಿ ಕೇಳಬೇಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಉಗುರು ಕತ್ತರಿಸಿಕೊಳ್ಳಿ.

ಮೊನ್ನೆ ಮಗ ಫೋನು ಮಾಡಿದಾಗ ಮಾತಾಡದೆ ಮೂರನ್ನೂ ನುಡಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅಮ್ಮಾ, ಎರಡನೇ ತಂತಿ ಶ್ರುತಿ ಇಳಿದಿದೆ” ಅಂದ.