ಮ್ಯಾಂಚೆಸ್ಟರಿಗೆ ಕಾಲುದಾರಿ ಉಂಟು, ದಾವಣಗೆರೆಗೆ ಯಾಕಿಲ್ಲ?

ಕಳೆದ ವಾರ ಮಂಡಿಪೇಟೆಯ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ಅಂಗಡಿ ಯಜಮಾನರಿಗೆ ಸಕ್ಕರೆ ಕಾಯಿಲೆ. ದಿನಾ ಒಂದು ತಾಸು ನಡೆಯಲೇಬೇಕು ಅಂತ ಡಾಕ್ಟರು ಚೀಟಿ ಬರೆದು ಕೊಟ್ಟಿದ್ದಾರೆ.

"ನಡಿಯಾದು ಎಲ್ಲಿ ಹೇಳ್ರಿ? ಪಿ.ಬಿ. ರಸ್ತ್ಯಾಗೆ ನಡೆದ್ರೆ ಸಕ್ಕರೆ ಕಡಿಮೆ ಆಗೋದ್ರೊಳಗೆ ಆಯುಷ್ಯನೇ ಕಡಿಮೆ ಆಗ್ತತಿ. ಕುಂದುವಾಡ ಕೆರೆ ಸುತ್ತಿ ಸುತ್ತಿ ಗಾಣದ ಎತ್ತು ಆಗೀನಿ. ಈ ಊರಾಗೆ ಬೆಣ್ಣೆ ದೋಸೆ ಬಿಟ್ರೆ ಏನೈತಿ?" ಎಂದರು.

ಅವರ ಮಗ ಬೆಂಗಳೂರಿನಲ್ಲಿ ಕಂಪನಿ ನೌಕರ. ಹಬ್ಬಕ್ಕೆ ಬಂದವನು ಅಪ್ಪನನ್ನು ಕಾರಿನಲ್ಲಿ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿದ್ದನಂತೆ. ಹೋಗೋದು ನಾಲ್ಕು ತಾಸು, ಬರೋದು ನಾಲ್ಕು ತಾಸು, ನಡೆದದ್ದು ಅರ್ಧ ತಾಸು. ಉಳಿದದ್ದೆಲ್ಲ ಕಾರಿನ ಸೀಟಿನಲ್ಲೇ. ಸಕ್ಕರೆ ಎಷ್ಟು ಇಳಿಯಿತೋ ಅವರೇ ಹೇಳಬೇಕು.

ಈ ಊರಾಗೆ ಏನೈತಿ ಎಂಬ ಮಾತಿಗೆ ಉತ್ತರ ಕೊಡುವ ಸಲುವಾಗಿಯೇ ಇವತ್ತಿನ ಅಂಕಣ. ಸ್ವಾಮೀ, ಒಂದು ಬಸ್ ಟಿಕೆಟ್ಟಿನ ದೂರದಲ್ಲಿ ಹೊಳೆಯ ದಂಡೆ ಇದೆ, ಕರಿಕಲ್ಲಿನ ಕೋಟೆ ಇದೆ, ಕುರುಚಲು ಗುಡ್ಡ ಇದೆ, ದೊಡ್ಡ ಕೆರೆ ಇದೆ. ಎಲ್ಲವೂ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ದಾರಿಗಳು. ಮಂಡಿನೋವಿನವರೂ ಶಾಲೆ ಮಕ್ಕಳೂ ಸಲೀಸಾಗಿ ನಡೆಯಬಹುದಾದವೇ ಹೆಚ್ಚು. ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಇರುವ ದಾರಿ ಉಳಿದರೆ ಸಾಕು. ಆದರೆ ಅದೇ ಉಳಿಯುತ್ತಿಲ್ಲ.

ಮೊದಲು ಹರಿಹರದಿಂದ ಹೊರಡೋಣ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹರಿಹರ ಅಂದರೆ ಸ್ಟ್ಯಾಂಡು, ಅದರಾಚೆ ಡ್ಯೂಟಿ. ಒಂದು ಭಾನುವಾರ ಸ್ಟ್ಯಾಂಡಿನಲ್ಲಿ ಇಳಿದು ಹರಿಹರೇಶ್ವರನ ಗುಡಿಯ ಕಡೆ ಕಾಲು ಹಾಕಿ. 1224ರ ಸುಮಾರಿಗೆ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಇದು. ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ. ಗುಡಿಯಿಂದ ಹೊಳೆಗೆ ಇಳಿದರೆ ತುಂಗಭದ್ರೆ. ಸೂಳೆಕೆರೆಯ ಕಡೆಯಿಂದ ಹರಿದುಬರುವ ಹರಿದ್ರಾ ಇಲ್ಲೇ ಬಂದು ಸೇರುತ್ತಾಳೆ. ದಂಡೆ ಹಿಡಿದು ಹೋದರೆ ಹಳೇ ಸೇತುವೆ. 1868ರಲ್ಲಿ ಕಲ್ಲು ಮತ್ತು ಇಟ್ಟಿಗೆಯಲ್ಲಿ ಕಟ್ಟಿ ಮುಗಿಸಿದ್ದು, ಒಂದೊಂದೂ 60 ಅಡಿ ಅಗಲದ 14 ಕಮಾನು, ಆ ಕಾಲದಲ್ಲಿ ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ. ಆಚೆ ದಡ ಹಾವೇರಿ ಜಿಲ್ಲೆ. ಅಂದರೆ ಒಂದು ಬೆಳಿಗ್ಗೆಯಲ್ಲಿ ಎಂಟುನೂರು ವರ್ಷದ ಗುಡಿ, ಎರಡು ಹೊಳೆ, ಎರಡು ಜಿಲ್ಲೆ ನೋಡಬಹುದು. ಏರು ಇಲ್ಲ, ಇಳಿಜಾರು ಇಲ್ಲ.

ನಾವು ಹೋದ ದಿನ ದಂಡೆಯಲ್ಲಿ ನೂರು ಹೆಜ್ಜೆ ನಡೆಯುವುದರೊಳಗೆ ಮೂರು ಕಡೆ ದಾರಿ ಬಿಡಬೇಕಾಯಿತು. ಒಂದು ಕಡೆ ಪೀಕಜಾಲಿ, ಇನ್ನೊಂದು ಕಡೆ ಒಡೆದ ಬಾಟಲಿ, ಮತ್ತೊಂದು ಕಡೆ ಮೂಗು ಮುಚ್ಚಿಕೊಂಡರೂ ದಾಟಲಾಗದ ಹೊಲಸು. ಜೊತೆಗೆ ಬಂದಿದ್ದ ಗೆಳೆಯರು, "ಹೊಳೆ ನೋಡಾಕೆ ಬಂದೋ, ಹೊಳೆಗೆ ಹಾಕಿದ್ದು ನೋಡಾಕೆ ಬಂದೋ?" ಎಂದು ಕೇಳಿದರು. ಅವರಿಗೆ ಚಹಾ ಕುಡಿಸಿ ಸಮಾಧಾನ ಮಾಡಿದೆವು.

ಹರಿಹರದಿಂದ ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಿಂದ ಬಾತಿ ಗುಡ್ಡ ನೋಡದವರು ಯಾರೂ ಇಲ್ಲ. ಇಪ್ಪತ್ತು ವರ್ಷ ಪಾಸು ಮಾಡಿಸಿಕೊಂಡು ಓಡಾಡಿದ ಎಷ್ಟೋ ಜನ ಒಂದು ದಿನವೂ ಅಲ್ಲಿ ಇಳಿದವರಲ್ಲ. ಅದನ್ನು ಹತ್ತಿದವರು ಹೇಳುವುದು ಒಂದೇ ಮಾತು: ಇಷ್ಟು ಹತ್ತಿರ ಇತ್ತಾ!

ಇನ್ನು ಕೊಂಡಜ್ಜಿ. ದಾವಣಗೆರೆಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಕೆರೆ, ಕೆರೆಯ ಬೆನ್ನಿಗೆ ಗುಡ್ಡಸಾಲು. ಲೋಕಸಭಾ ಸದಸ್ಯರಾಗಿದ್ದ, ಸ್ಕೌಟ್ಸ್ ಚಳವಳಿಗೆ ಜೀವ ತೇಯ್ದ ಕೊಂಡಜ್ಜಿ ಬಸಪ್ಪನವರ ಊರು. ಇಲ್ಲಿಯ ಸ್ಕೌಟ್ಸ್ ಕ್ಯಾಂಪಿಗೆ ಬಂದು ಡೇರೆ ಹೊಡೆದು, ಗಂಟು ಹಾಕುವುದು ಕಲಿತು, ಅರ್ಧ ಬೆಂದ ಅನ್ನ ತಿಂದು ಹೋದ ಹುಡುಗರು ನಮ್ಮ ಸುತ್ತಮುತ್ತ ಊರಿಗೊಬ್ಬರು ಸಿಗುತ್ತಾರೆ. ಮಳೆ ಬಿದ್ದ ಮೇಲೆ ಗುಡ್ಡ ಹಸಿರಾಗುತ್ತದೆ. ಕಾರೆ, ಬಾರೆ, ಸೀತಾಫಲ ಕಾಣಸಿಗುತ್ತವೆ. ಮಲೆನಾಡಿನ ಹಾಗೆ ಜಿಗಣೆ ಇಲ್ಲ, ಜಾರಿಕೆ ಇಲ್ಲ. ಮೇಲೆ ನಿಂತರೆ ಗಾಳಿ ಮಾತ್ರ. ಶ್ರಾವಣದಿಂದ ಸಂಕ್ರಾಂತಿಯ ತನಕ ಒಳ್ಳೆಯ ಕಾಲ. ಶಿವರಾತ್ರಿ ಕಳೆದ ಮೇಲೆ ನಮ್ಮ ಬಿಸಿಲಿನಲ್ಲಿ ಗುಡ್ಡ ಹತ್ತುವುದು ಜಾಣರ ಕೆಲಸವಲ್ಲ.

ಈ ಭಾಗದ ಒಂದು ಹಳ್ಳಿಯ ಕಥೆ ಹೇಳಲೇಬೇಕು. ಊರಿನ ಹೆಸರು ಬೇಡ, ಹತ್ತಾರು ಊರಲ್ಲಿ ಇದೇ ಕಥೆ. ಗುಡ್ಡಕ್ಕೆ ಹೋಗುವ ಹಳೇ ಕಾಲುದಾರಿ ಹಿಡಿದು ಹೊರಟೆವು. ಅರ್ಧ ದಾರಿಯಲ್ಲಿ ದಾರಿಯೇ ಮಾಯ. ಮೆಕ್ಕೆಜೋಳ ಎದೆಯುದ್ದ ನಿಂತಿತ್ತು. ಹೊಲದ ಯಜಮಾನರು ಸಿಕ್ಕರು. ಜಗಳಕ್ಕೆ ಬರುತ್ತಾರೆ ಅಂದುಕೊಂಡೆವು. ಅವರು ಬದುವಿನ ಮೇಲೆ ಕೂರಿಸಿ ಮಾತಾಡಿಸಿದರು.

"ದಾರಿ ಇತ್ತು ಸ್ವಾಮಿ, ಇಲ್ಲ ಅನ್ನಂಗಿಲ್ಲ. ನಮ್ಮಪ್ಪನ ಕಾಲ್ದಾಗೆ ದನ ಹೊಡ್ಕೊಂಡು ಇದ್ರಾಗೇ ಹೋಗ್ತಿದ್ವಿ. ಈಗ ಬರೋರು ಯಾರು? ಬೈಕ್ ತಗೊಂಡು ಹುಡುಗ್ರು ಬರ್ತಾರೆ. ತೆನಿ ಮುರ್ಕಂಡು ಸುಟ್ಕಂಡು ತಿಂತಾರೆ. ಬಾಟ್ಲಿ ಹೊಲ್ದಾಗೆ ಒಡೀತಾರೆ. ಎತ್ತಿನ ಕಾಲಿಗೆ ಗಾಜು ಹೊಕ್ಕಂಡು ನಾನು ಪಟ್ಟ ಪಾಡು ನನಗೇ ಗೊತ್ತು. ಅದಕ್ಕೇ ಉತ್ತುಬಿಟ್ಟೆ."

ಈ ಮಾತಿಗೆ ನಮ್ಮ ಬಳಿ ಉತ್ತರ ಇರಲಿಲ್ಲ. ತಪ್ಪು ದಾರಿ ಉತ್ತವರದ್ದು ಮಾತ್ರ ಅಲ್ಲ, ದಾರಿಯನ್ನು ಹಾಳು ಮಾಡಿದ ಪೇಟೆಯವರದ್ದೂ ಇದೆ. ಆದರೆ ಅವರ ತಂದೆ ದನ ಹೊಡೆದ ದಾರಿ ಅವರೊಬ್ಬರ ದಾರಿಯೂ ಅಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿ ದಾರಿ, ಕಾಲುದಾರಿ ಅಂತ ಗೆರೆ ಎಳೆದಿರುತ್ತಾರೆ. ನಕಾಶೆ ಕಂಡ ದಾರಿ ಎಂಬ ಮಾತು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆ ನಕಾಶೆ ಈಗ ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡರೆ ನೀವು ನಿಂತ ನೆಲದ ಸರ್ವೆ ನಂಬರನ್ನೂ ತೋರಿಸುತ್ತದೆ. ಕಾಗದದಲ್ಲಿ ದಾರಿ ಜೀವಂತ, ನೆಲದ ಮೇಲೆ ಸತ್ತಿದೆ. ಒಂದು ಕಡೆ ಉಳುಮೆ, ಒಂದು ಕಡೆ ಲೇಔಟಿನ ಕಾಂಪೌಂಡು, ಇನ್ನೊಂದು ಕಡೆ ಗುಡ್ಡದ ಬುಡದಲ್ಲೇ ಗರಸು ತೆಗೆದ ಗುಂಡಿ. ಗುಡ್ಡಕ್ಕೆ ಹೋಗುವ ದಾರಿ ಮುಚ್ಚಿದರೆ ಮುಂದೆ ಗುಡ್ಡವನ್ನೇ ತೆಗೆದರೂ ಕೇಳುವವರು ಇರುವುದಿಲ್ಲ. ನೋಡಿದವರೇ ಇಲ್ಲದಿದ್ದರೆ ಕೇಳುವವರು ಎಲ್ಲಿಂದ ಬರಬೇಕು?

ಉಚ್ಚಂಗಿದುರ್ಗದ ಮಾತು ಬೇರೆ. ಅಲ್ಲಿಯ ದಾರಿಯನ್ನು ಮುಚ್ಚುವ ಗಂಡು ಹುಟ್ಟಿಲ್ಲ, ಯಾಕೆಂದರೆ ಮೇಲೆ ಉಚ್ಚಂಗೆಮ್ಮ ಕುಳಿತಿದ್ದಾಳೆ. ಹುಣ್ಣಿಮೆ ಬಂತೆಂದರೆ ದಾವಣಗೆರೆಯಿಂದ ಬಸ್ಸಿಗೆ ಬಸ್ಸೇ ತುಂಬಿ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಗಂಡಸರಿಗೆ ಸೀಟ್ ಇಲ್ಲ. ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ, ಹೊಯ್ಸಳ ವೀರಬಲ್ಲಾಳ ಗೆದ್ದುಕೊಂಡ ಕೋಟೆ. ನೂರಾರು ಮೆಟ್ಟಿಲು, ಆದರೂ ಎಪ್ಪತ್ತರ ಅಜ್ಜಿಯರು ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತುತ್ತಾರೆ. ನಡಿಗೆ ನಮ್ಮ ಜನಕ್ಕೆ ಬರುವುದಿಲ್ಲ ಅನ್ನುವವರು ಒಂದು ಹುಣ್ಣಿಮೆ ಅಲ್ಲಿ ಹೋಗಿ ನಿಲ್ಲಲಿ. ಈ ದುರ್ಗ ಇರುವ ಹರಪನಹಳ್ಳಿ ತಾಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಬೋರ್ಡು ಬರೆಯುವವನಿಗೆ ಕೆಲಸವೋ ಕೆಲಸ. ಆದರೆ ಹಳೇ ಕೋಟೆ ಗೋಡೆ ಎತ್ತ, ಸುತ್ತಿ ಬರುವ ದಾರಿ ಎತ್ತ ಎಂದು ಪರಸ್ಥಳದವರು ಕೇಳಿದರೆ ಹೂವು ಮಾರುವವರೇ ಬೆರಳು ಮಾಡಿ ತೋರಿಸಬೇಕು.

ಚನ್ನಗಿರಿ ಕಡೆ ಹೋದರೆ ಒಂದೇ ದಿನಕ್ಕೆ ಮೂರು. ಸಂತೆಬೆನ್ನೂರಿನ ಪುಷ್ಕರಣಿ, ಅದು ನಡಿಗೆಗಿಂತ ಮೆಟ್ಟಿಲ ಮೇಲೆ ಕೂರುವ ಜಾಗ. ಚನ್ನಗಿರಿ ಊರೊಳಗೇ ಇರುವ ಕೋಟೆಗುಡ್ಡ, ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಸಲೀಸು ಬೇರೆ ಇಲ್ಲ. ಮತ್ತೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡು ಗುಡ್ಡದ ನಡುವೆ ಏರಿ ಚಿಕ್ಕದು, ನೀರು ಕಣ್ಣಿಗೆ ನಿಲುಕದಷ್ಟು. ಚಿತ್ರದುರ್ಗದವರು ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ.

ಜಗಳೂರಿನ ರಂಗಯ್ಯನದುರ್ಗದ ಬಗ್ಗೆ ಒಂದು ಎಚ್ಚರಿಕೆ. ಅದು 2011ರಲ್ಲಿ ಕೊಂಡುಕುರಿಗಾಗಿ ಘೋಷಿಸಿದ ವನ್ಯಧಾಮ. ನಾಲ್ಕು ಕೊಂಬಿನ ಆ ಪ್ರಾಣಿಗೆ ನಮ್ಮ ಗಲಾಟೆ ಬೇಕಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಬೇರೆ ಗುಡ್ಡಗಳಿಗೂ ಬಿಸಿಲು ಬಂದ ಮೇಲೆ ಹೋಗಿ, ಕತ್ತಲಾಗುವ ಮೊದಲು ಇಳಿಯಿರಿ. ಕರಡಿ, ಚಿರತೆ ನಮ್ಮ ಪತ್ರಿಕೆ ಓದುವುದಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ಹತ್ತಿಮಿಲ್ಲುಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದರು. ಆ ಹೆಸರು ಕೇಳಿ ನಾವೂ ಎದೆ ಉಬ್ಬಿಸಿದೆವು. ಅಸಲಿ ಮ್ಯಾಂಚೆಸ್ಟರಿನವರು ಮಾಡಿದ ಇನ್ನೊಂದು ಕೆಲಸ ಮಾತ್ರ ನಮಗೆ ತಿಳಿಯಲಿಲ್ಲ. ಆ ಊರಿನ ಹತ್ತಿರ ಕಿಂಡರ್ ಸ್ಕೌಟ್ ಅಂತ ಒಂದು ಬೋಳುಗುಡ್ಡ. ಜಮೀನ್ದಾರರು ಹಕ್ಕಿ ಬೇಟೆಗೆ ಅಂತ ಬೇರೆಯವರು ಕಾಲಿಡದಂತೆ ಕಾವಲು ಹಾಕಿದ್ದರು. ವಾರವೆಲ್ಲ ಮಿಲ್ಲು, ಕಾರ್ಖಾನೆಯ ಹೊಗೆ ಕುಡಿದ ಹುಡುಗ ಹುಡುಗಿಯರು 1932ರ ಏಪ್ರಿಲ್ 24ರ ಭಾನುವಾರ ನೂರಾರು ಸಂಖ್ಯೆಯಲ್ಲಿ ಹೊರಟು ಗುಡ್ಡ ಏರಿಯೇಬಿಟ್ಟರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತೇ ವರ್ಷ. ಐವರಿಗೆ ಜೈಲಾಯಿತು. ಆದರೆ ಕೂಗು ನಿಲ್ಲಲಿಲ್ಲ. 1949ರಲ್ಲಿ ಕಾಯಿದೆ ಬಂತು. 1951ರಲ್ಲಿ ಆ ಗುಡ್ಡಸಾಲು ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು.

ಅಲ್ಲಿಯ ಕಾಯಿದೆಯಲ್ಲಿ ರೈತರಿಗೂ ನ್ಯಾಯ ಇದೆ. ಹೊಲದ ನಡುವೆ ಹಾದ ಕಾಲುದಾರಿಯನ್ನು ಬಿತ್ತನೆಗೆ ಉಳಬಹುದು. ಆದರೆ 14 ದಿನದೊಳಗೆ ಅದನ್ನು ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು. ನಡೆಯುವವರು ದಾರಿ ಬಿಟ್ಟು ಪೈರಿಗೆ ಇಳಿಯಬಾರದು. ಎರಡೂ ಕಡೆಯವರಿಗೂ ಇಂಥ ಒಂದು ಕಟ್ಟುಪಾಡು ನಮ್ಮಲ್ಲಿ ಯಾಕಾಗಬಾರದು?

ಇದು ಬಿಳಿಯರ ಶೋಕಿ ಅನ್ನುವವರಿಗೆ ನಮ್ಮದೇ ಮಗ್ಗುಲಿನ ಸಂಗತಿ ನೆನಪಿಸುತ್ತೇವೆ. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿದವು. ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿ ನೀಲಗಿರಿಗೆ ಅಂತ ಗೊತ್ತಾಯಿತು. ದನಕ್ಕೆ ಮೇವು ಎಲ್ಲಿ, ಸೌದೆ ಎಲ್ಲಿ, ಓಡಾಡುವುದು ಎಲ್ಲಿ ಅಂತ ಹಳ್ಳಿ ಜನ ಎದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ಹಚ್ಚಿದರು. 1991ರಲ್ಲಿ ಕಂಪನಿಯೇ ಮುಚ್ಚಿತು. ಗೋಮಾಳ, ಗುಡ್ಡ, ದಾರಿ ಊರಿನವು ಅಂತ ಕೇಳಿದವರು ನಮ್ಮ ನೆರೆಯವರೇ.

ನಾವು ಕೇಳುವುದು ಕೋಟಿ ಅಲ್ಲ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ದಾವಣಗೆರೆಯ ಹೆಸರಿತ್ತು, ಕೋಟಿಯ ಲೆಕ್ಕ ಆಗಲೇ ಸಾಕಷ್ಟು ಕೇಳಿದ್ದೇವೆ. ಗುಡ್ಡಕ್ಕೆ ಕಮಾನು ಬೇಡ, ಸೆಲ್ಫಿ ಪಾಯಿಂಟ್ ಬೇಡ, ಕಾಂಕ್ರೀಟ್ ಅಂತೂ ಬೇಡವೇ ಬೇಡ. ನಕಾಶೆ ಕಂಡ ದಾರಿಯನ್ನು ಸರ್ವೆಯರ್ ಕರೆಸಿ ಅಳೆಸಿ, ತಿರುವಿಗೊಂದು ಕಲ್ಲು ನೆಟ್ಟು ಸುಣ್ಣ ಬಳಿಯಿರಿ. ದಾರಿ ಶುರುವಾಗುವ ಕಡೆ ಒಂದು ತಗಡಿನ ಬೋರ್ಡು: ಎಷ್ಟು ದೂರ, ಎಷ್ಟು ಹೊತ್ತು, ನೀರು ಎಲ್ಲಿ, ಕೊನೇ ಬಸ್ ಎಷ್ಟಕ್ಕೆ. ಬೈಕಿಗೆ ಅಡ್ಡಗಲ್ಲು. ಬಾಟಲಿ ಒಡೆದವನಿಗೆ ಪಂಚಾಯಿತಿಯಿಂದ ದಂಡ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜನಜಾತ್ರೆಯಾಗಿ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಬೇಕಾಯಿತು. ಅಲ್ಲಿಗೆ ಮುಗಿಬೀಳುವ ನಮ್ಮ ಹುಡುಗರಲ್ಲಿ ಹತ್ತರಲ್ಲಿ ಇಬ್ಬರು ಮನೆ ಹತ್ತಿರದ ಗುಡ್ಡ ಹತ್ತಿದರೂ ಸಾಕು, ಆ ಗುಡ್ಡದ ಕೆಳಗಿನ ಊರಿನ ಮಂಡಕ್ಕಿ ಅಂಗಡಿಗೆ ನಾಲ್ಕು ಕಾಸು.

ಮೆಕ್ಕೆಜೋಳದ ಯಜಮಾನರು ನಾವು ಏಳುವಾಗ ಒಂದು ಮಾತು ಹೇಳಿದ್ದರು. "ನಕಾಶೆ ತಗೊಂಡು ಸರ್ವೆಯರ್ರು ಬರ್ಲಿ. ದಾರಿ ಎಲ್ಲೈತೆ ತೋರಿಸ್ಲಿ. ಕಲ್ಲು ನಾನೇ ನೆಡ್ತೀನಿ. ಬಾಟ್ಲಿ ತರೋರನ್ನ ಮಾತ್ರ ನೀವು ನೋಡ್ಕಳ್ರಿ."

ಆ ಊರಿನ ನಕಾಶೆಯ ಪ್ರತಿ ನಮ್ಮ ಮೇಜಿನ ಮೇಲಿದೆ. ದಾರಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಸರ್ವೆಯರ್ ಬರುವ ದಿನ ಗೊತ್ತಾದ ಕೂಡಲೇ ಇದೇ ಜಾಗದಲ್ಲಿ ತಿಳಿಸುತ್ತೇವೆ. ಮಂಡಿಪೇಟೆಯ ಯಜಮಾನರು ಆ ದಿನ ಅಂಗಡಿ ಮುಚ್ಚಿ ಬರುವುದಾಗಿ ಮಾತು ಕೊಟ್ಟಿದ್ದಾರೆ.