ಅಜಂತೆಯ ಅರಗು, ನಮ್ಮೂರ ಎಣ್ಣೆಬಣ್ಣ

ಅಜಂತೆಯ ಒಂದನೆಯ ಗುಹೆಯ ಗೋಡೆಯ ಮೇಲೆ ಒಬ್ಬ ನರ್ತಕಿಯಿದ್ದಾಳೆ. ಐದನೆಯ ಶತಮಾನದ ಕೊನೆಯ ಭಾಗದ ಬೌದ್ಧ ಚಿತ್ರವದು. ವೈರಾಗ್ಯದತ್ತ ವಾಲಿದ ಮಹಾಜನಕ ರಾಜನನ್ನು ಸಂಸಾರದಲ್ಲಿ ಹಿಡಿದಿಡಲು ರಾಣಿ ಸೀವಲಿ ಏರ್ಪಡಿಸಿದ ನೃತ್ಯ. ಸುತ್ತಲೂ ಕೊಳಲೂದುವ, ತಾಳ ಹಾಕುವ, ಮದ್ದಳೆ ನುಡಿಸುವ ಸ್ತ್ರೀಯರು. ಭಿಕ್ಷುಗಳ ವಿಹಾರದಲ್ಲಿ ಇಂಥ ಸಂಭ್ರಮವೇಕೆ? ತ್ಯಾಗದ ಬೆಲೆ ತಿಳಿಯಬೇಕಾದರೆ ತ್ಯಜಿಸುವ ವಸ್ತುವಿನ ಸೊಬಗನ್ನು ಮೊದಲು ಕಾಣಬೇಕು.

ಆ ಕಾಲದ ಗಾಯನ, ವಾದನಗಳನ್ನು ಕೇಳುವ ದಾರಿ ನಮಗಿಲ್ಲ. ಯಾವ ವಾದ್ಯವನ್ನು ಯಾರು, ಹೇಗೆ ಹಿಡಿದು ನುಡಿಸುತ್ತಿದ್ದರೆಂಬುದಕ್ಕೆ ಚಿತ್ರ, ಶಿಲ್ಪಗಳೇ ಪ್ರತ್ಯಕ್ಷ ಸಾಕ್ಷಿ. ಈ ಸಾಕ್ಷಿ ಕೆಲವೊಮ್ಮೆ ಹಿತೈಷಿಗಳ ಕೈಯಲ್ಲೇ ಕೆಡುತ್ತದೆ. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ ಸರ್ಕಾರ ಅಜಂತೆಗೆ ಇಟಲಿಯ ತಜ್ಞರನ್ನು ಕರೆಸಿತು. ಚಿತ್ರಗಳು ಉಳಿಯಲೆಂದು ಅವರು ಲೇಪಿಸಿದ ಅರಗಿನ ವಾರ್ನಿಷ್ ಕಾಲಕ್ರಮೇಣ ಹಳದಿಗಟ್ಟಿ, ಮೂಲವರ್ಣಗಳನ್ನೇ ಮಸುಕಾಗಿಸಿತು.

ಆ ತಜ್ಞರನ್ನು ದೂರುವ ಅಧಿಕಾರ ನನಗಿಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದ ಮೇಲೆ ಕೆಲಕಾಲ ನಾನಿಲ್ಲಿ ಸೇವೆಯಲ್ಲಿದ್ದೆ. ಬ್ಯಾಡಗಿ ಸೀಮೆಯ ಒಂದು ಊರಿನ ಹಿರಿಯರು ಗುಡಿಯ ಜೀರ್ಣೋದ್ಧಾರಕ್ಕೆ ಅರ್ಜಿ ತಂದರು. ಅಂದಾಜುಪಟ್ಟಿ ಕ್ರಮಬದ್ಧವಾಗಿತ್ತು, ಗುಡಿಯನ್ನು ನೋಡದೆಯೇ ಸಹಿ ಮಾಡಿದೆ. ಮರುವರ್ಷ ಹೋದಾಗ, ಬಾಗಿಲವಾಡದಲ್ಲಿದ್ದ ಪುಟ್ಟ ಮದ್ದಳೆಗಾರರ ಮೇಲೆ ದಪ್ಪ ಎಣ್ಣೆಬಣ್ಣ ಬಿದ್ದಿತ್ತು. ಬೆರಳಿಗೂ ವಾದ್ಯಕ್ಕೂ ನಡುವಿನ ಗೆರೆ ಮುಚ್ಚಿಹೋಗಿತ್ತು. ‘ಈಗ ಎಷ್ಟ್ ಛಂದ ಕಾಣತೈತಿ ನೋಡ್ರಿ ಸಾಹೇಬ್ರ’ ಎಂದು ಹಿರಿಯರೊಬ್ಬರು ಅಭಿಮಾನದಿಂದ ತೋರಿಸಿದರು. ಅವರ ಭಕ್ತಿಯಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ನನ್ನ ಸಹಿಯಲ್ಲಿ.

ಹಾವೇರಿಯ ಸಿದ್ಧೇಶ್ವರ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯಗಳಿಗೆ ಕಾನೂನಿನ ರಕ್ಷಣೆಯಿದೆ. ಯಾವ ಪಟ್ಟಿಗೂ ಸೇರದ ಊರ ಗುಡಿಗಳಿಗೆ ಅದಿಲ್ಲ. ಅವುಗಳ ಗತಿಯನ್ನು ನಿರ್ಧರಿಸುವುದು ಊರವರ ಉತ್ಸಾಹ ಮತ್ತು ಅಧಿಕಾರಿಯ ಸಹಿ.

ಆದ್ದರಿಂದ ನನ್ನ ಸಲಹೆ ಸರಳವಾದುದು. ಹಳೆಯ ಗುಡಿಯ ದುರಸ್ತಿಗೆ ಹಣ ಮಂಜೂರು ಮಾಡುವ ಮುನ್ನ ಪ್ರತಿ ಶಿಲ್ಪದ, ಭಿತ್ತಿಚಿತ್ರದ ಛಾಯಾಚಿತ್ರ ಕಡತದಲ್ಲಿರಲಿ. ರಾಜ್ಯ ಪುರಾತತ್ತ್ವ ಇಲಾಖೆಯ ಲಿಖಿತ ಅಭಿಪ್ರಾಯವಿರಲಿ. ಕೆತ್ತನೆಯ ಮೇಲೆ ಬಣ್ಣ ಬಳಿಯುವ ಕಾಮಗಾರಿಗೆ ಸಾರ್ವಜನಿಕ ಹಣ ಬೇಡ. ಛಾಯಾಚಿತ್ರದ ಕೆಲಸವನ್ನು ಸ್ಥಳೀಯ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳೇ ಮಾಡಬಲ್ಲರು.

ಸೋರುವ ಮಾಳಿಗೆಯನ್ನು ದುರಸ್ತಿ ಮಾಡುವುದು ಅಗತ್ಯ ವೆಚ್ಚ. ಮದ್ದಳೆಗಾರನ ಬೆರಳನ್ನು ಮುಚ್ಚುವುದು ಶುದ್ಧ ನಷ್ಟ. ಅರ್ಥಶಾಸ್ತ್ರ ಓದಿಯೂ ಈ ವ್ಯತ್ಯಾಸ ತಿಳಿಯಲು ನನಗೆ ಒಂದು ಗುಡಿ ಬೇಕಾಯಿತು. ಈಗ ಅಧಿಕಾರದಲ್ಲಿರುವವರು ಸಹಿ ಮಾಡುವ ಮೊದಲು ಒಮ್ಮೆ ಆ ಗುಡಿಯವರೆಗೆ ಹೋಗಿ ಬರಲಿ.